ಬೆಟ್ಟ ಅಗೆದರೆ ಇಲಿಯೋ, ನಿಧಿಯೋ?

ಅಮೆರಿಕದ ಬರ್ಕ್ಲಿಯಲ್ಲಿ 1931ರ ಜನವರಿಯಲ್ಲಿ ಅರ್ನೆಸ್ಟ್ ಲಾರೆನ್ಸ್ ಎಂಬ ಯುವ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿ ಸ್ಟ್ಯಾನ್ಲಿ ಲಿವಿಂಗ್‌ಸ್ಟನ್ ಜೊತೆ ಸೇರಿ ಒಂದು ಪುಟ್ಟ ಯಂತ್ರವನ್ನು ಚಾಲೂ ಮಾಡಿದರು. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ ಹಿತ್ತಾಳೆಯ ಚಪ್ಪಟೆ ಡಬ್ಬಿ ಅದು. ಅಡ್ಡಳತೆ ನಾಲ್ಕೂವರೆ ಅಂಗುಲ. ಗಾಳಿ ಒಳಹೋಗದಂತೆ ಸಂದುಗಳಿಗೆ ಅರಗು ಮೆತ್ತಲಾಗಿತ್ತು. ತಗುಲಿದ ವೆಚ್ಚ ಸುಮಾರು 25 ಡಾಲರ್ ಎಂದು ಹೇಳುತ್ತಾರೆ. ಅದರೊಳಗೆ ಹೈಡ್ರೊಜನ್ ಅಯಾನುಗಳು ಗಾಣದೆತ್ತಿನಂತೆ ಸುತ್ತಿ ಸುತ್ತಿ 80 ಸಾವಿರ ಎಲೆಕ್ಟ್ರಾನ್ ವೋಲ್ಟ್‌ಗಳಷ್ಟು ಶಕ್ತಿ ಗಳಿಸಿದವು. ಸೈಕ್ಲೊಟ್ರಾನ್ ಎಂದು ಹೆಸರು ಪಡೆದ ಈ ಯಂತ್ರಕ್ಕಾಗಿ ಲಾರೆನ್ಸ್ ಅವರಿಗೆ 1939ರ ನೊಬೆಲ್ ಬಹುಮಾನ ಬಂತು.

ಆ ಡಬ್ಬಿಯ ವಂಶದ ದೊಡ್ಡ ಕುಡಿ ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದೆ. ನೆಲದಡಿ ಸುಮಾರು 100 ಮೀಟರ್ ಆಳದ ಸುರಂಗದಲ್ಲಿ ಅದನ್ನು ಕೂರಿಸಲಾಗಿದೆ. ಸುರಂಗದ ಸುತ್ತಳತೆ 27 ಕಿಲೊಮೀಟರ್. ಲಾರ್ಜ್ ಹೇಡ್ರಾನ್ ಕೊಲೈಡರ್, ಚಿಕ್ಕದಾಗಿ ಎಲ್‌ಎಚ್‌ಸಿ ಎಂಬುದು ಅದರ ಹೆಸರು. 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಸಿಕ್ಕಿತೆಂದು ಪ್ರಕಟವಾದದ್ದು ಇದರ ಪ್ರಯೋಗಗಳಿಂದಲೇ. ಪತ್ರಿಕೆಗಳು ಅದನ್ನು ‘ದೇವಕಣ’ ಎಂದು ಕರೆದು ಕುಣಿದಾಡಿದವು.

ಈಗ ಸರ್ನ್ ಇನ್ನೊಂದು ಸುರಂಗದ ನಕ್ಷೆ ಹಿಡಿದು ನಿಂತಿದೆ. ಇದರ ಸುತ್ತಳತೆ 91 ಕಿಲೊಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಕೋಲಾರ ಚಿನ್ನದ ಗಣಿಯವರೆಗಿನ ರಸ್ತೆಯಷ್ಟು ಉದ್ದ. 2025ರ ಮಾರ್ಚ್‌ನಲ್ಲಿ ಹೊರಬಂದ ಕಾರ್ಯಸಾಧ್ಯತಾ ವರದಿಯ ಪ್ರಕಾರ ಮೊದಲ ಹಂತಕ್ಕೇ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್ ಬೇಕು. ರೂಪಾಯಿ ಲೆಕ್ಕದಲ್ಲಿ ಒಂದೂವರೆ ಲಕ್ಷ ಕೋಟಿಗೂ ಮಿಗಿಲು. ಸದಸ್ಯ ರಾಷ್ಟ್ರಗಳು 2028ರ ಸುಮಾರಿಗೆ ಹೂಂ ಅಥವಾ ಊಹೂಂ ಎನ್ನಬೇಕೆಂಬುದು ಯೋಜನೆ.

ಪ್ರಶ್ನೆ ಇರುವುದು ಇಲ್ಲಿಯೇ. 25 ಡಾಲರ್‌ನ ಡಬ್ಬಿ ಒಂದು ಹೊಸ ವಿಜ್ಞಾನವನ್ನೇ ಹುಟ್ಟುಹಾಕಿತು. ಲಕ್ಷ ಕೋಟಿಗಳ ಸುರಂಗ ಏನು ಕೊಟ್ಟೀತು? ಬೆಟ್ಟ ಅಗೆದು ಇಲಿ ಹಿಡಿಯುವ ಹಾಗಾದರೆ? ಹೀಗೆ ಕೇಳುವವರಲ್ಲಿ ಖರ್ಚಿನ ಲೆಕ್ಕ ಹಾಕುವ ರಾಜಕಾರಣಿಗಳು ಮಾತ್ರವಲ್ಲ, ಭೌತವಿಜ್ಞಾನಿಗಳೂ ಇದ್ದಾರೆ.

ಗೊಬ್ಬರದ ಲೆಕ್ಕ

ಅರ್ಥಶಾಸ್ತ್ರದಲ್ಲಿ ಇಳಿಮುಖ ಪ್ರತಿಫಲ ನಿಯಮ ಎಂಬುದೊಂದಿದೆ. ಹೊಲಕ್ಕೆ ಮೊದಲ ಮೂಟೆ ಗೊಬ್ಬರ ಹಾಕಿದಾಗ ಇಳುವರಿ ಜೋರಾಗಿ ಏರುತ್ತದೆ. ಎರಡನೆಯ ಮೂಟೆಗೆ ಅಷ್ಟು ಏರುವುದಿಲ್ಲ. ಐದನೆಯ ಮೂಟೆಯ ಹೊತ್ತಿಗೆ ಗೊಬ್ಬರದ ದುಡ್ಡೂ ಹುಟ್ಟುವುದಿಲ್ಲ. ಹೊಲ ಅದೇ, ಬೀಜ ಅದೇ, ಬೇಸಾಯದ ಕ್ರಮ ಅದೇ ಆಗಿದ್ದು ಗೊಬ್ಬರವನ್ನಷ್ಟೇ ಹೆಚ್ಚಿಸುತ್ತಾ ಹೋದರೆ ಆಗುವುದು ಹೀಗೆ. ಬೇರೆ ತಳಿಯ ಬೀಜ ಬಂದರೆ ಲೆಕ್ಕ ಮತ್ತೆ ಹೊಸದಾಗಿ ಶುರುವಾಗುತ್ತದೆ.

ಕಣ ವೇಗವರ್ಧಕಗಳ ಕಥೆಯನ್ನು ಈ ಗೊಬ್ಬರದ ಲೆಕ್ಕದಿಂದಲೇ ಓದಬಹುದು. ಅದಕ್ಕೆ ಮೊದಲು ಇಷ್ಟೊಂದು ಶಕ್ತಿ ಏಕೆ ಬೇಕು ಎಂಬುದು ಗೊತ್ತಾಗಬೇಕು.

ಕಾರಣ ಎರಡು. ಮೊದಲನೆಯದು ನೋಟದ್ದು. ಸೂಕ್ಷ್ಮದರ್ಶಕದಲ್ಲಿ ಬೆಳಕಿನ ಅಲೆಗಿಂತ ಚಿಕ್ಕ ವಸ್ತು ಕಾಣದು. ಕಣಗಳಿಗೂ ಅಲೆಯ ಗುಣವಿದೆ. ಅವುಗಳ ಶಕ್ತಿ ಹೆಚ್ಚಿದಷ್ಟೂ ಅಲೆಯುದ್ದ ಕಿರಿದಾಗುತ್ತದೆ, ಅಷ್ಟರಮಟ್ಟಿಗೆ ಒಳಗಿನ ರಚನೆ ಕಾಣುತ್ತದೆ. ಎರಡನೆಯದು ಸೃಷ್ಟಿಯದು. ಶಕ್ತಿ ದ್ರವ್ಯವಾಗಬಲ್ಲದು ಎಂದು ಐನ್‌ಸ್ಟೈನ್ ತೋರಿಸಿದರು. ಎರಡು ಕಣಗಳು ಡಿಕ್ಕಿ ಹೊಡೆದಾಗ ಬಿಡುಗಡೆಯಾದ ಶಕ್ತಿಯಿಂದ ಹೊಸ, ಭಾರವಾದ ಕಣಗಳು ಮೂಡಿ ಕ್ಷಣಾರ್ಧದಲ್ಲಿ ಅಳಿಯುತ್ತವೆ. ಭಾರವಾದ ಕಣ ಬೇಕೆಂದರೆ ಬಲವಾದ ಡಿಕ್ಕಿ ಬೇಕು.

ಈ ಶಕ್ತಿಯನ್ನು ಅಳೆಯಲು ವಿಜ್ಞಾನಿಗಳು ಬಳಸುವುದು ಜಿಇವಿ ಎಂಬ ಮಾನ. ಒಂದು ಜಿಇವಿ ಎಂದರೆ 100 ಕೋಟಿ ಎಲೆಕ್ಟ್ರಾನ್ ವೋಲ್ಟ್. ಒಂದು ಪ್ರೋಟಾನ್ ಕಣದ ದ್ರವ್ಯರಾಶಿ ಒಂದು ಜಿಇವಿಗಿಂತ ತುಸು ಕಡಿಮೆ. ಹಿಗ್ಸ್ ಬೋಸಾನಿನದು ಸುಮಾರು 125, ಈವರೆಗೆ ಸಿಕ್ಕಿರುವ ಮೂಲಕಣಗಳಲ್ಲೆಲ್ಲ ಭಾರವಾದ ಟಾಪ್ ಕ್ವಾರ್ಕ್‌ನದು ಸುಮಾರು 173.

ಉಪಾಯಗಳ ಏಣಿ

ಲಾರೆನ್ಸ್‌ರ ಶಿಷ್ಯ ಲಿವಿಂಗ್‌ಸ್ಟನ್ ಮುಂದೆ 1950ರ ದಶಕದಲ್ಲಿ ಒಂದು ಕುತೂಹಲಕರ ನಕ್ಷೆ ಬರೆದರು. ವರ್ಷಗಳನ್ನು ಒಂದು ಕಡೆ, ಯಂತ್ರಗಳ ಶಕ್ತಿಯನ್ನು ಇನ್ನೊಂದು ಕಡೆ ಗುರುತಿಸಿದರೆ ಸರಿಸುಮಾರು ಆರು ವರ್ಷಕ್ಕೊಮ್ಮೆ ಶಕ್ತಿ ಹತ್ತು ಪಟ್ಟಾಗುತ್ತಿರುವುದು ಕಂಡಿತು. 1931ರ ಡಬ್ಬಿಯಿಂದ ಬ್ರೂಕ್‌ಹೇವನ್ ಪ್ರಯೋಗಾಲಯದ 1952ರ ಕಾಸ್ಮೊಟ್ರಾನ್‌ವರೆಗಿನ 21 ವರ್ಷಗಳಲ್ಲಿ ಶಕ್ತಿ 80 ಸಾವಿರ ಎಲೆಕ್ಟ್ರಾನ್ ವೋಲ್ಟ್‌ನಿಂದ 3.3 ಜಿಇವಿಗೆ ಏರಿತು. ಅಂದರೆ 40 ಸಾವಿರ ಪಟ್ಟು!

ಇದನ್ನು ಬರಿಯ ದುಡ್ಡು ಸಾಧಿಸಲಿಲ್ಲ. ನಕ್ಷೆಯನ್ನು ಹತ್ತಿರದಿಂದ ನೋಡಿದರೆ ಅದು ಒಂದೇ ಗೆರೆಯಲ್ಲ, ಹಲವು ಗೆರೆಗಳ ಏಣಿ. ಪ್ರತಿಯೊಂದು ಬಗೆಯ ಯಂತ್ರವೂ ಸ್ವಲ್ಪ ದೂರ ಏರಿ ನಿಂತುಬಿಡುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಹೊಸ ಉಪಾಯ ಕಂಡುಹಿಡಿಯುತ್ತಾರೆ. ಏರಿಕೆ ಅಲ್ಲಿಂದ ಮುಂದುವರಿಯುತ್ತದೆ.

ಸೈಕ್ಲೊಟ್ರಾನ್‌ನ ದಾರಿಗೆ ಅಡ್ಡ ಬಂದದ್ದು ಸಾಪೇಕ್ಷತಾ ಸಿದ್ಧಾಂತ. ಕಣಗಳ ವೇಗ ಬೆಳಕಿನ ವೇಗದ ಸಮೀಪ ಬಂದಂತೆ ಅವು ಯಂತ್ರದ ತಾಳಕ್ಕೆ ಹಿಂದೆ ಬೀಳತೊಡಗಿದವು. 1944ರಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ವೆಕ್ಸ್ಲರ್, 1945ರಲ್ಲಿ ಅಮೆರಿಕದ ಎಡ್ವಿನ್ ಮ್ಯಾಕ್‌ಮಿಲನ್ ಒಬ್ಬರಿಗೊಬ್ಬರಿಗೆ ತಿಳಿಯದಂತೆ ಒಂದೇ ಪರಿಹಾರ ಸೂಚಿಸಿದರು: ಕಣದ ಜೊತೆಗೆ ತಾಳವನ್ನೂ ಬದಲಿಸುತ್ತಾ ಹೋಗುವುದು. ಸಿಂಕ್ರೊಟ್ರಾನ್ ಹುಟ್ಟಿತು. ತಟ್ಟೆಯಂಥ ಅಖಂಡ ಅಯಸ್ಕಾಂತದ ಬದಲು ಬಳೆಯಂಥ ಅಯಸ್ಕಾಂತ ಸಾಕಾಯಿತು.

ಮುಂದಿನ ತೊಂದರೆ ಕಬ್ಬಿಣದ್ದು. ಸುತ್ತುವ ಕಣಗಳು ಆಚೀಚೆ ಚದುರುವುದರಿಂದ ಕೊಳವೆ ಅಗಲವಾಗಿರಬೇಕಿತ್ತು, ಅದನ್ನು ಅಪ್ಪಿ ನಿಲ್ಲುವ ಅಯಸ್ಕಾಂತ ಇನ್ನೂ ದೊಡ್ಡದು. ಸೋವಿಯತ್ ಒಕ್ಕೂಟದ ದುಬ್ನಾದಲ್ಲಿ 1957ರಲ್ಲಿ ಚಾಲೂ ಆದ ಯಂತ್ರದ ಅಯಸ್ಕಾಂತ 36 ಸಾವಿರ ಟನ್ ತೂಗುತ್ತಿತ್ತು. ಸಿಕ್ಕ ಶಕ್ತಿ 10 ಜಿಇವಿ. ಅಷ್ಟರಲ್ಲಾಗಲೇ ಬ್ರೂಕ್‌ಹೇವನ್‌ನ ಕೌರಂಟ್, ಲಿವಿಂಗ್‌ಸ್ಟನ್, ಸ್ನೈಡರ್ ಎಂಬ ಮೂವರು 1952ರಲ್ಲಿ, ಅವರಿಗಿಂತ ಮೊದಲೇ ಅಥೆನ್ಸ್ ನಗರದ ಲಿಫ್ಟ್ ಎಂಜಿನಿಯರ್ ನಿಕೊಲಸ್ ಕ್ರಿಸ್ಟೊಫಿಲೊಸ್, ಅಯಸ್ಕಾಂತಗಳನ್ನು ಒಂದು ಬಿಟ್ಟು ಒಂದು ಎದುರುಬದುರು ಜೋಡಿಸಿದರೆ ಕಣಗಳ ಧಾರೆ ದಾರದಂತೆ ತೆಳುವಾಗುತ್ತದೆ ಎಂದು ಕಂಡುಕೊಂಡಿದ್ದರು. ಈ ಉಪಾಯ ಬಳಸಿ ಸರ್ನ್ 1959ರಲ್ಲಿ ಕಟ್ಟಿದ ಯಂತ್ರಕ್ಕೆ ದುಬ್ನಾದ ಸುಮಾರು ಹತ್ತನೇ ಒಂದರಷ್ಟು ಕಬ್ಬಿಣ ಸಾಕಾಯಿತು. ಶಕ್ತಿ ಮಾತ್ರ 28 ಜಿಇವಿ. ದುಬ್ನಾದ ಹೆಚ್ಚುಕಡಿಮೆ ಮೂರು ಪಟ್ಟು.

ಮೂರನೆಯ ಉಪಾಯ ಮುಖಾಮುಖಿ ಡಿಕ್ಕಿಯದು. ನಿಂತ ಗುರಿಗೆ ಕಣವನ್ನು ಹೊಡೆದರೆ ಶಕ್ತಿಯ ಬಹುಪಾಲು ಚೂರುಗಳನ್ನು ಮುಂದಕ್ಕೆ ತಳ್ಳುವುದರಲ್ಲೇ ವ್ಯಯವಾಗುತ್ತದೆ. 1,000 ಜಿಇವಿಯ ಪ್ರೋಟಾನನ್ನು ನಿಂತ ಪ್ರೋಟಾನಿಗೆ ಹೊಡೆದರೆ ಹೊಸ ಕಣ ಹುಟ್ಟಿಸಲು ಸಿಗುವುದು ಕೇವಲ 43 ಜಿಇವಿ. ಅದೇ ಎರಡು ಪ್ರೋಟಾನುಗಳು ಎದುರಾಬದುರು ಬಂದು ಗುದ್ದಿದರೆ ಪೂರಾ 2,000. ಇಟಲಿಯ ಫ್ರಸ್ಕಾಟಿಯಲ್ಲಿ ಬ್ರೂನೊ ಟೌಶೆಕ್ 1961ರಲ್ಲಿ ಒಂದು ಮೇಜಿನಷ್ಟಗಲದ ಉಂಗುರದಲ್ಲಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್‌ಗಳನ್ನು ಎದುರುಬದುರು ಸುತ್ತಿಸಿ ದಾರಿ ತೋರಿಸಿದರು. ಸರ್ನ್‌ನಲ್ಲಿ 1971ರಿಂದ ಪ್ರೋಟಾನುಗಳೂ ಮುಖಾಮುಖಿಯಾದವು.

ನಾಲ್ಕನೆಯದು ಅತಿವಾಹಕ ತಂತಿಯ ಅಯಸ್ಕಾಂತ. ದ್ರವ ಹೀಲಿಯಂನಲ್ಲಿ ತಣಿಸಿದ ತಂತಿಯಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುವುದರಿಂದ ಪ್ರಬಲ ಕಾಂತಕ್ಷೇತ್ರ ಅಗ್ಗವಾಗಿ ಸಿಗುತ್ತದೆ. ಅಮೆರಿಕದ ಫರ್ಮಿಲ್ಯಾಬ್‌ನ ಟೆವಟ್ರಾನ್ 1983ರಲ್ಲಿ ಇದನ್ನು ಸಾಧಿಸಿತು.

ಗಮನಿಸಬೇಕಾದ ಅಂಶ ಇದು: ಈ ನಾಲ್ಕೂ ಉಪಾಯಗಳು ಒಂದೊಂದು ಜಿಇವಿಯ ಬೆಲೆಯನ್ನು ಇಳಿಸಿದವು. ಯಂತ್ರಗಳು ದೊಡ್ಡವಾದವು ನಿಜ, ಆದರೆ ಶಕ್ತಿ ಅದಕ್ಕಿಂತ ಬಹಳ ವೇಗವಾಗಿ ಬೆಳೆಯಿತು. ಟೆವಟ್ರಾನ್ ಬಳಿಕ ಬಂದ ದೊಡ್ಡ ಯಂತ್ರಗಳಲ್ಲಿ ಅಷ್ಟು ತೂಕದ ಐದನೆಯ ಉಪಾಯ ಕಾಣಿಸಿಲ್ಲ. ಎಲ್‌ಎಚ್‌ಸಿ ಎಂಜಿನಿಯರಿಂಗ್‌ನ ಅದ್ಭುತವೇ ಹೌದು. ಅದರೊಳಗಿನ ಮುಖ್ಯ ಅಯಸ್ಕಾಂತಗಳು 1,232. ಪ್ರತಿಯೊಂದೂ 15 ಮೀಟರ್ ಉದ್ದ. ಅವು ಕೆಲಸ ಮಾಡುವುದು ಶೂನ್ಯಕ್ಕಿಂತ 271 ಡಿಗ್ರಿ ಕೆಳಗೆ. ಆದರೂ ಅದು ಹಳೆಯ ಉಪಾಯಗಳ ಪರಿಷ್ಕೃತ ರೂಪ. ಫಲ ಏನೆಂದರೆ, 1986ರಲ್ಲಿ ಟೆವಟ್ರಾನ್ ಮುಟ್ಟಿದ್ದ 1,800 ಜಿಇವಿ ಡಿಕ್ಕಿಯ ಶಕ್ತಿ 2022ರಲ್ಲಿ ಎಲ್‌ಎಚ್‌ಸಿಯಲ್ಲಿ 13,600ಕ್ಕೆ ಬಂತು. 36 ವರ್ಷಗಳಲ್ಲಿ ಏಳೂವರೆ ಪಟ್ಟು.

ಎರಡು ಗೋಡೆಗಳು

ಏರಿಕೆ ಹೀಗೆ ನಿಧಾನವಾಗಲು ಭೌತವಿಜ್ಞಾನದ ನಿಯಮಗಳೇ ಕಾರಣ. ಬಳೆಯಾಕಾರದ ಯಂತ್ರದ ಮುಂದೆ ಎರಡು ಗೋಡೆಗಳಿವೆ.

ಎಲೆಕ್ಟ್ರಾನುಗಳನ್ನು ಸುತ್ತಿಸಿದರೆ ಅವು ತಿರುವಿನಲ್ಲಿ ಬೆಳಕು ಸೂಸಿ ಶಕ್ತಿ ಕಳೆದುಕೊಳ್ಳುತ್ತವೆ. ಬಳೆ ಅದೇ ಇದ್ದು ಶಕ್ತಿ ಎರಡು ಪಟ್ಟಾದರೆ ನಷ್ಟ ಹದಿನಾರು ಪಟ್ಟು. ಎಲ್‌ಎಚ್‌ಸಿಗೆ ಮುನ್ನ 1989ರಿಂದ 2000ದವರೆಗೆ ಅದೇ 27 ಕಿಲೊಮೀಟರ್ ಸುರಂಗದಲ್ಲಿದ್ದ ಲೆಪ್ ಯಂತ್ರ ತನ್ನ ಕೊನೆಯ ದಿನಗಳಲ್ಲಿ ಒಂದೊಂದು ಸುತ್ತಿಗೂ ಎಲೆಕ್ಟ್ರಾನಿನ ಶಕ್ತಿಯ ಸುಮಾರು ಶೇಕಡ 3ರಷ್ಟನ್ನು ಮತ್ತೆ ತುಂಬಬೇಕಾಗಿತ್ತು. ಸೋರುವ ಕೊಡದಲ್ಲಿ ನೀರು ಹೊತ್ತ ಹಾಗೆ.

ಪ್ರೋಟಾನ್ ಎಲೆಕ್ಟ್ರಾನಿಗಿಂತ 1,836 ಪಟ್ಟು ಭಾರ. ಅದಕ್ಕೆ ಈ ಸೋರಿಕೆ ತೀರಾ ಕಡಿಮೆ. ಆದರೆ ಅದನ್ನು ಬಾಗಿಸುವುದೇ ಕಷ್ಟ. ಶಕ್ತಿ ಇಮ್ಮಡಿಯಾಗಬೇಕಾದರೆ ಅಯಸ್ಕಾಂತದ ಬಲ ಇಮ್ಮಡಿಯಾಗಬೇಕು, ಇಲ್ಲವೇ ಸುರಂಗ ಇಮ್ಮಡಿ ಉದ್ದವಾಗಬೇಕು. ಅಯಸ್ಕಾಂತದ ಬಲ ಹೆಚ್ಚಿಸಲು ಹೊಸ ಮಿಶ್ರಧಾತುಗಳು ಬೇಕು, ಅವು ದುಬಾರಿ. ಸುರಂಗಕ್ಕೆ ನೆಲವನ್ನೇ ಅಗೆಯಬೇಕು. ಸಾಲದ್ದಕ್ಕೆ, ಶಕ್ತಿ ಹೆಚ್ಚಿದಂತೆ ಬೇಕಾದ ಬಗೆಯ ಡಿಕ್ಕಿ ಅಪರೂಪವಾಗುತ್ತದೆ. ಎರಡು ಪಟ್ಟು ಭಾರದ ಕಣವನ್ನು ಹುಡುಕಲು ಎರಡು ಪಟ್ಟು ಶಕ್ತಿಯ ಜೊತೆಗೆ ಸುಮಾರು ನಾಲ್ಕು ಪಟ್ಟು ಡಿಕ್ಕಿಗಳೂ ಬೇಕು.

ಸಿದ್ಧಾಂತಿಗಳ ಕನಸು ಇನ್ನೂ ದೂರದ್ದು. ವಿದ್ಯುತ್ಕಾಂತ ಬಲ ಮತ್ತು ಪರಮಾಣು ಬೀಜದೊಳಗಿನ ಎರಡು ಬಲಗಳು ಒಂದೇ ಆಗುವ ಶಕ್ತಿ ಸುಮಾರು ಒಂದರ ಮುಂದೆ 15 ಸೊನ್ನೆಗಳಷ್ಟು ಜಿಇವಿ ಇರಬಹುದೆಂದು ಅವರ ಅಂದಾಜು. ಎಲ್‌ಎಚ್‌ಸಿಯ ತಂತ್ರದಿಂದಲೇ ಅಲ್ಲಿಗೆ ಹೋಗಬೇಕೆಂದರೆ ಉಂಗುರದ ಸುತ್ತಳತೆ ಸುಮಾರು 2 ಲಕ್ಷ ಕೋಟಿ ಕಿಲೊಮೀಟರ್ ಆಗಬೇಕು. ಅದನ್ನು ಒಂದು ಸುತ್ತು ಬರಲು ಬೆಳಕಿಗೇ ಎರಡೂವರೆ ತಿಂಗಳು ಹಿಡಿದೀತು.

ಟೆಕ್ಸಾಸ್‌ನ ಪಾಠ

ಒಮ್ಮೆ ಅಮೆರಿಕ ಈ ಗೋಡೆಯನ್ನು ಹಣದಿಂದ ಕೆಡವಲು ಹೊರಟಿತ್ತು. ಟೆಕ್ಸಾಸ್ ರಾಜ್ಯದ ವಾಕ್ಸಹ್ಯಾಚಿ ಎಂಬ ಊರಿನ ಸುತ್ತ 87 ಕಿಲೊಮೀಟರ್ ಉಂಗುರ, ಡಿಕ್ಕಿಯ ಶಕ್ತಿ 40 ಸಾವಿರ ಜಿಇವಿ. 1987ರಲ್ಲಿ ಅಂದಾಜು ವೆಚ್ಚ 440 ಕೋಟಿ ಡಾಲರ್ ಇತ್ತು. 1993ರ ಹೊತ್ತಿಗೆ ಅದು 1,100 ಕೋಟಿ ಡಾಲರ್ ದಾಟಿತು. ಸಂಸತ್ತು ಬೇಡವೆಂದಿತು. ಅಧ್ಯಕ್ಷ ಕ್ಲಿಂಟನ್ 1993ರ ಅಕ್ಟೋಬರ್ 30ರಂದು ಸಹಿ ಹಾಕುವುದರೊಂದಿಗೆ ಯೋಜನೆ ಮುಗಿಯಿತು. ಆ ವೇಳೆಗೆ ಸುಮಾರು 200 ಕೋಟಿ ಡಾಲರ್ ಖರ್ಚಾಗಿತ್ತು, 20 ಕಿಲೊಮೀಟರ್‌ಗೂ ಹೆಚ್ಚು ಸುರಂಗ ಕೊರೆದಾಗಿತ್ತು. ಮುಂದೆ ಸುರಂಗದಲ್ಲಿ ನೀರು ತುಂಬಿತು. ಮೇಲಿನ ಕಟ್ಟಡಗಳನ್ನು 2012ರಲ್ಲಿ ಒಂದು ರಾಸಾಯನಿಕ ಕಂಪೆನಿ ಕೊಂಡಿತು.

ಆ ಚರ್ಚೆಯಲ್ಲಿ ಭೌತವಿಜ್ಞಾನಿಗಳೇ ಎರಡು ಪಾಳಯವಾಗಿದ್ದರು. ಸ್ಟೀವನ್ ವೈನ್‌ಬರ್ಗ್, ಲಿಯೊನ್ ಲೆಡರ್‌ಮನ್‌ರಂಥವರು ಯಂತ್ರ ಬೇಕೇ ಬೇಕು ಎಂದರು. ಘನವಸ್ತು ಭೌತವಿಜ್ಞಾನದಲ್ಲಿ ನೊಬೆಲ್ ಪಡೆದಿದ್ದ ಫಿಲಿಪ್ ಆಂಡರ್‌ಸನ್ ಸಂಸತ್ ಸಮಿತಿಯ ಮುಂದೆ ವಿರೋಧಿಸಿದರು. ಪ್ರಕೃತಿಯ ಎಲ್ಲ ಗುಟ್ಟೂ ಅತಿ ಚಿಕ್ಕ ಕಣದಲ್ಲೇ ಅಡಗಿಲ್ಲ, ಕಣಗಳು ಒಟ್ಟುಗೂಡಿದಾಗ ಹೊಸ ನಿಯಮಗಳು ಮೂಡುತ್ತವೆ, ಅವೂ ಅಷ್ಟೇ ಮೂಲಭೂತ ಎಂಬುದು ಅವರ ನಿಲುವಾಗಿತ್ತು.

ದೊಡ್ಡದರ ಎದುರು ಚಿಕ್ಕದರ ಉದಾಹರಣೆಯೂ ಅಮೆರಿಕದಲ್ಲೇ ಇದೆ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರದಲ್ಲಿ ಸ್ಪಿಯರ್ ಎಂಬ ಚಿಕ್ಕ ಉಂಗುರವನ್ನು 1972ರಲ್ಲಿ ವಾಹನ ನಿಲ್ಲಿಸುವ ಜಾಗದಲ್ಲಿ ಕಟ್ಟಲಾಯಿತು. ವೆಚ್ಚ ಸುಮಾರು 50 ಲಕ್ಷ ಡಾಲರ್. 1974ರ ನವೆಂಬರ್‌ನಲ್ಲಿ ಅಲ್ಲಿಯೂ, ಅದೇ ಸಮಯಕ್ಕೆ ಬ್ರೂಕ್‌ಹೇವನ್‌ನಲ್ಲಿಯೂ ಒಂದು ಹೊಸ ಕಣ ಸಿಕ್ಕಿತು. ನಾಲ್ಕನೆಯ ಕ್ವಾರ್ಕ್‌ಗೆ ಅದು ಸಾಕ್ಷಿಯಾಯಿತು. ಮರುವರ್ಷ ಅದೇ ಸ್ಪಿಯರ್‌ನಲ್ಲಿ ಟೌ ಎಂಬ ಕಣದ ಸುಳಿವು ದೊರೆಯಿತು. ಎರಡು ಶೋಧಗಳಿಗೂ ನೊಬೆಲ್ ಬಂತು.

ಗುರಿ ಗೊತ್ತಿದ್ದ ಬಾಣ

ಇಷ್ಟಾದರೂ ಹಳೆಯ ದೊಡ್ಡ ಯಂತ್ರಗಳು ದುಡ್ಡು ಹಾಳು ಮಾಡಿದವು ಎನ್ನುವಂತಿಲ್ಲ. ಅವುಗಳಲ್ಲಿ ಅನೇಕಕ್ಕೆ ಗುರಿ ಮೊದಲೇ ಗೊತ್ತಿತ್ತು. ಬರ್ಕ್ಲಿಯ ಬೆವಟ್ರಾನ್‌ಗೆ 6 ಜಿಇವಿಗೂ ಮೀರಿದ ಶಕ್ತಿ ಕೊಟ್ಟದ್ದು ಪ್ರತಿಪ್ರೋಟಾನ್ ಹುಟ್ಟಿಸಲು ಅಷ್ಟು ಬೇಕೆಂಬ ಲೆಕ್ಕದಿಂದ. 1955ರಲ್ಲಿ ಅದು ಸಿಕ್ಕಿತು. ಡಬ್ಲ್ಯು ಮತ್ತು ಝಡ್ ಕಣಗಳು ಇಂತಿಷ್ಟು ಭಾರವಿರಬೇಕೆಂದು ಸಿದ್ಧಾಂತ ಹೇಳಿತು. 1983ರಲ್ಲಿ ಸರ್ನ್‌ನಲ್ಲಿ ಎರಡೂ ಸಿಕ್ಕವು. ಟಾಪ್ ಕ್ವಾರ್ಕ್ ಇರಲೇಬೇಕಿತ್ತು. 1995ರಲ್ಲಿ ಟೆವಟ್ರಾನ್ ಅದನ್ನು ಹಿಡಿಯಿತು.

ಎಲ್‌ಎಚ್‌ಸಿಗೆ ಇದ್ದದ್ದು ಇನ್ನೂ ಗಟ್ಟಿಯಾದ ಭರವಸೆ. ಹಿಗ್ಸ್ ಕಣವಾಗಲೀ ಅದರ ಜಾಗ ತುಂಬುವ ಬೇರೇನಾದರೂ ಆಗಲೀ ಇಲ್ಲದೇ ಹೋದರೆ ಸುಮಾರು 1,000 ಜಿಇವಿ ಹೊತ್ತಿಗೆ ಸಿದ್ಧಾಂತದ ಲೆಕ್ಕವೇ ಮುರಿದುಬೀಳುತ್ತಿತ್ತು. ಒಂದು ಘಟನೆ ನಡೆಯುವ ಸಂಭವ ನೂರಕ್ಕೆ ನೂರನ್ನೂ ಮೀರುತ್ತದೆ ಎಂಬ ಅಸಂಬದ್ಧ ಉತ್ತರ ಬರುತ್ತಿತ್ತು. ಹಾಗಾಗಿ ಅಲ್ಲಿ ಏನಾದರೊಂದು ಸಿಗುವುದು ಖಚಿತವಿತ್ತು. ಹಿಗ್ಸ್ ಸಿಕ್ಕಿತು. ಕಣವಿಜ್ಞಾನಿಗಳು ಪ್ರಮಾಣಿತ ಮಾದರಿ ಎಂದು ಕರೆಯುವ ಚಿತ್ರ ಅಲ್ಲಿಗೆ ಪೂರ್ತಿಯಾಯಿತು.

ಸಂಕಟ ಶುರುವಾದದ್ದು ಆಮೇಲೆ. ಹಿಗ್ಸ್ ಜೊತೆಗೇ ಸೂಪರ್‌ಸಿಮೆಟ್ರಿ ಎಂಬ ಸಿದ್ಧಾಂತ ಹೇಳುವ ಜೋಡಿ ಕಣಗಳೂ ಕಾಣಬಹುದೆಂದು ಬಹುಮಂದಿ ನಿರೀಕ್ಷಿಸಿದ್ದರು. ಒಂದೂ ಕಾಣಲಿಲ್ಲ. 2015ರ ಡಿಸೆಂಬರ್‌ನಲ್ಲಿ ಎಲ್‌ಎಚ್‌ಸಿಯ ಎರಡು ಪ್ರಯೋಗಗಳ ದತ್ತಾಂಶದಲ್ಲಿ 750 ಜಿಇವಿ ಬಳಿ ಒಂದು ಚಿಕ್ಕ ಉಬ್ಬು ಕಂಡಿತು. ಹೊಸ ಕಣವಿರಬಹುದೇ ಎಂದು ಕೆಲವೇ ತಿಂಗಳಲ್ಲಿ ನೂರಾರು ಪ್ರಬಂಧಗಳು ಬಂದವು. 2016ರ ಆಗಸ್ಟ್‌ನಲ್ಲಿ ಹೆಚ್ಚಿನ ದತ್ತಾಂಶ ಸೇರಿಸಿ ನೋಡಿದರೆ ಉಬ್ಬು ಮಾಯವಾಗಿತ್ತು. ಅದು ಬರಿಯ ಆಕಸ್ಮಿಕ. ಆ ನೂರಾರು ಪ್ರಬಂಧಗಳು ವಿಜ್ಞಾನಿಗಳ ಹಸಿವು ಎಷ್ಟಿತ್ತೆಂಬುದಕ್ಕೆ ದಾಖಲೆಯಾಗಿ ಉಳಿದವು.

ಮುಂದಿನ ಯಂತ್ರಕ್ಕೆ ಅಂಥ ಖಚಿತ ಗುರಿ ಇಲ್ಲ. ವಿಶ್ವದ ದ್ರವ್ಯದ ಬಹುಪಾಲು ಏನೆಂಬುದು ಗೊತ್ತಿಲ್ಲದ ಕಪ್ಪುದ್ರವ್ಯ. ಅದರ ಕಣಗಳು 91 ಕಿಲೊಮೀಟರ್ ಉಂಗುರದಲ್ಲಿ ಸಿಕ್ಕಬಹುದು, ಸಿಗದೆಯೂ ಇರಬಹುದು. ಸಿಗಲೇಬೇಕು ಎನ್ನುವ ಲೆಕ್ಕ ಯಾರ ಕೈಯಲ್ಲೂ ಇಲ್ಲ.

ಪರ ಮತ್ತು ವಿರೋಧ

ಹಾಗಿದ್ದರೆ ಯಂತ್ರ ಬೇಕೆನ್ನುವವರ ವಾದವೇನು? ಮೊದಲ ಹಂತದ ಉದ್ದೇಶ ಶಕ್ತಿಯಲ್ಲ, ನಿಖರತೆ ಎನ್ನುತ್ತಾರೆ ಅವರು. 2040ರ ದಶಕದ ಉತ್ತರಾರ್ಧದಲ್ಲಿ ಆರಂಭವಾಗಬೇಕಿರುವ ಈ ಹಂತದಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಹೆಚ್ಚೆಂದರೆ 365 ಜಿಇವಿಯಲ್ಲಿ ಡಿಕ್ಕಿ ಹೊಡೆಯುತ್ತವೆ. ಎಲ್‌ಎಚ್‌ಸಿಗೆ ಹೋಲಿಸಿದರೆ ಇದು ತೀರಾ ಕಡಿಮೆ. ಆದರೆ ಪ್ರೋಟಾನ್ ಎಂಬುದು ಕ್ವಾರ್ಕ್‌ಗಳ ಚೀಲ. ಎರಡು ಚೀಲಗಳನ್ನು ಗುದ್ದಿಸಿದರೆ ಸುತ್ತ ಕಸವೇ ಹೆಚ್ಚು. ಎಲೆಕ್ಟ್ರಾನ್‌ಗೆ ಒಳರಚನೆ ಇರುವುದು ಈತನಕ ಕಂಡಿಲ್ಲ, ಅದರ ಡಿಕ್ಕಿ ಶುಭ್ರ. ಹಿಗ್ಸ್ ಕಣವನ್ನು ಅಂಥ ಶುಭ್ರ ವಾತಾವರಣದಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಸೃಷ್ಟಿಸಿ ಅದರ ಗುಣಗಳನ್ನು ಅಳೆದರೆ ಸಿದ್ಧಾಂತದಲ್ಲಿ ಬಿರುಕು ಕಂಡೀತು. ಉಳಿದ ಕಣಗಳಿಗೆಲ್ಲ ದ್ರವ್ಯರಾಶಿ ಬರುವುದರ ಹಿಂದಿರುವ ಈ ವಿಚಿತ್ರ ಕಣವನ್ನು ಕಂಡೂ ಪರೀಕ್ಷಿಸದೆ ಬಿಡುವುದು ಸರಿಯೇ ಎಂದು ಅವರು ಕೇಳುತ್ತಾರೆ.

ಅವರ ಇನ್ನೊಂದು ವಾದ ಕೌಶಲದ್ದು. ಒಂದು ಪೀಳಿಗೆ ಯಂತ್ರ ಕಟ್ಟದೆ ಕೂತರೆ ಮುಂದಿನ ಪೀಳಿಗೆಗೆ ಕಟ್ಟುವ ವಿದ್ಯೆಯೇ ಮರೆತುಹೋಗುತ್ತದೆ. ದೇಗುಲ ಕಟ್ಟುವುದು ನಿಂತರೆ ಶಿಲ್ಪಿಯ ಮಗ ಉಳಿ ಹಿಡಿಯಲಾರ.

ವಿರೋಧಿಗಳ ಉತ್ತರವೂ ಹಗುರವಲ್ಲ. ಚೀನಾ ಇಂಥದೇ 100 ಕಿಲೊಮೀಟರ್ ಯಂತ್ರದ ಯೋಚನೆಯಲ್ಲಿದ್ದಾಗ 1957ರ ನೊಬೆಲ್ ವಿಜೇತ ಸಿ.ಎನ್. ಯಾಂಗ್ 2016ರಲ್ಲಿ ಬಹಿರಂಗವಾಗಿ ಬೇಡವೆಂದರು. ಅಷ್ಟು ಹಣ ಬೇರೆ ವಿಜ್ಞಾನಗಳ ಪಾಲನ್ನು ಕಸಿಯುತ್ತದೆ ಎಂಬುದು ಅವರ ಆತಂಕಗಳಲ್ಲೊಂದು. ಜರ್ಮನಿಯ ಸಬೀನ್ ಹೊಸೆನ್‌ಫೆಲ್ಡರ್, ಸೌಂದರ್ಯವನ್ನೇ ನಂಬಿ ಭವಿಷ್ಯ ನುಡಿದ ಸಿದ್ಧಾಂತಿಗಳು ಎಡವಿದ್ದಾರೆ, ಅದೇ ಮಾತು ನಂಬಿ ಇನ್ನೊಂದು ಯಂತ್ರ ಕಟ್ಟಬಾರದು ಎನ್ನುತ್ತಾರೆ. ಸರ್ನ್‌ಗೆ ಅತಿ ಹೆಚ್ಚು ವಂತಿಗೆ ಕೊಡುವ ಜರ್ಮನಿಯ ಸರ್ಕಾರವೇ 2024ರಲ್ಲಿ ಈ ವೆಚ್ಚ ನಿಭಾಯಿಸಬಹುದೇ ಎಂದು ಸಂಶಯ ಎತ್ತಿತು.

ಎಲ್ಲಕ್ಕಿಂತ ಕಾಡುವುದು ಕಾಲದ ಲೆಕ್ಕ. 91 ಕಿಲೊಮೀಟರ್ ಸುರಂಗದಲ್ಲಿ ಪ್ರೋಟಾನುಗಳು ಓಡುವುದು, ಅಂದರೆ ಶಕ್ತಿ ನಿಜವಾಗಿ ಮೇಲೇರುವುದು, ಎಲ್ಲ ಸುಸೂತ್ರವಾದರೆ 2070ರ ದಶಕದಲ್ಲಿ. 2025ರಲ್ಲಿ 25 ವರ್ಷದವರಾಗಿ ಸಂಶೋಧನೆಗೆ ಸೇರಿದವರಿಗೆ ಆಗ 70 ತುಂಬಿರುತ್ತದೆ. ಲಾರೆನ್ಸ್ ಒಂದು ಯಂತ್ರ ಓಡಿಸುತ್ತಿರುವಾಗಲೇ ಮುಂದಿನದರ ನಕ್ಷೆ ಬರೆಯುತ್ತಿದ್ದರು. ತಪ್ಪು ಮಾಡಿ ತಿದ್ದಿಕೊಳ್ಳಲು ಅವರಿಗೆ ಪುರುಸೊತ್ತಿತ್ತು.

ಐದನೆಯ ಉಪಾಯ ಬರುವುದೇ ಇಲ್ಲವೇ? ಯತ್ನಗಳು ನಡೆದಿವೆ. ಅಯಾನೀಕೃತ ಅನಿಲದಲ್ಲಿ ಎಬ್ಬಿಸಿದ ಅಲೆಯ ಮೇಲೆ ಎಲೆಕ್ಟ್ರಾನುಗಳನ್ನು ದೋಣಿಯಂತೆ ತೇಲಿಸಿ ಓಡಿಸಬಹುದೆಂದು ತಜಿಮಾ ಮತ್ತು ಡಾಸನ್ 1979ರಲ್ಲಿ ಸೂಚಿಸಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ 42 ಜಿಇವಿಯ ಕೆಲವು ಎಲೆಕ್ಟ್ರಾನುಗಳ ಶಕ್ತಿಯನ್ನು ಒಂದು ಮೀಟರ್‌ಗಿಂತ ಕಡಿಮೆ ದೂರದಲ್ಲಿ ಇಮ್ಮಡಿಗೊಳಿಸಿದ ವರದಿ 2007ರಲ್ಲಿ ಪ್ರಕಟವಾಯಿತು. ಮೊದಲ 42 ಜಿಇವಿ ಗಳಿಸಲು ಅಲ್ಲಿನ ಯಂತ್ರಕ್ಕೆ ಕಿಲೊಮೀಟರ್‌ಗಟ್ಟಲೆ ಓಟ ಬೇಕಾಗಿತ್ತು. ಆದರೆ ಹೀಗೆ ಸಿಗುವ ಧಾರೆ ಇನ್ನೂ ಡಿಕ್ಕಿ ಯಂತ್ರಕ್ಕೆ ಬೇಕಾದಷ್ಟು ದಟ್ಟವಾಗಿಲ್ಲ, ಶಿಸ್ತಾಗಿಲ್ಲ. ಮ್ಯೂಯಾನ್ ಎಂಬ ಭಾರದ ಎಲೆಕ್ಟ್ರಾನ್‌ಗಳನ್ನು ಸುತ್ತಿಸುವ ಆಲೋಚನೆಯೂ ಇದೆ. ಅವುಗಳಿಗೆ ಸೋರಿಕೆಯ ಕಾಟ ಕಡಿಮೆ. ಆದರೆ ಅವುಗಳ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗದಷ್ಟು. ಅಷ್ಟರಲ್ಲೇ ಹಿಡಿದು, ಓಡಿಸಿ, ಗುದ್ದಿಸಬೇಕು.

ಕೋಲಾರದ ದಾರಿ

ಯಂತ್ರವಿಲ್ಲದೆಯೂ ಕಣಗಳನ್ನು ಹುಡುಕಬಹುದು ಎಂಬುದಕ್ಕೆ ಕರ್ನಾಟಕದ ನೆಲವೇ ಸಾಕ್ಷಿ. ಆಕಾಶದಿಂದ ವಿಶ್ವಕಿರಣಗಳು ಸದಾ ಸುರಿಯುತ್ತಿವೆ. ಅವುಗಳಲ್ಲಿ ಅಪರೂಪಕ್ಕೆ ಬರುವ ಕೆಲವು ಕಣಗಳ ಶಕ್ತಿ ಯಾವ ಎಲ್‌ಎಚ್‌ಸಿಗೂ ನಿಲುಕದ್ದು. ಈ ಕಿರಣಗಳಿಂದ ಹುಟ್ಟುವ ಮ್ಯೂಯಾನುಗಳು ನೆಲದೊಳಗೆ ಎಷ್ಟು ಆಳ ಇಳಿಯುತ್ತವೆ ಎಂದು ಅಳೆಯಲು ನಂಜನಗೂಡು ಸೀಮೆಯಿಂದ ಬಂದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರ ಚಿನ್ನದ ಗಣಿಗೆ ಉಪಕರಣ ಹೊತ್ತು ಇಳಿದರು. ಮುಂದೆ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಆ ಗಣಿಯಲ್ಲಿ 2.3 ಕಿಲೊಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಗುರುತಿಸಿತು. ಅದೇ ವೇಳೆಗೆ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಅವು ಕಂಡವು. ಮೂರು ದಶಕಗಳ ನಂತರ, 1998ರಲ್ಲಿ, ಇದೇ ಬಗೆಯ ನ್ಯೂಟ್ರಿನೊಗಳನ್ನು ಜಪಾನಿನ ಗಣಿಯೊಂದರ ನೀರಿನ ತೊಟ್ಟಿಯಲ್ಲಿ ಗಮನಿಸುತ್ತಿದ್ದ ಸೂಪರ್ ಕಾಮಿಯೊಕಾಂಡೆ ತಂಡ, ಅವು ದಾರಿಯಲ್ಲೇ ರೂಪ ಬದಲಿಸುತ್ತವೆ, ಅಂದರೆ ಅವುಗಳಿಗೆ ದ್ರವ್ಯರಾಶಿ ಇದೆ ಎಂದು ತೋರಿಸಿತು. ಇದಕ್ಕೆ 2015ರ ನೊಬೆಲ್ ಸಂದಿತು. ಮೊದಲಿನ ಪ್ರಮಾಣಿತ ಮಾದರಿಯಲ್ಲಿ ಜಾಗವಿಲ್ಲದಿದ್ದ ಈ ಶೋಧ ಬಂದದ್ದು ವೇಗವರ್ಧಕದಿಂದಲ್ಲ.

ಕೋಲಾರ ಇನ್ನೊಂದಕ್ಕೂ ಕೈಹಾಕಿತ್ತು. ಮೂರು ಬಲಗಳು ಒಂದಾಗುವ ಆ ನಿಲುಕದ ಶಕ್ತಿಯ ಸುಳಿವು ಪ್ರೋಟಾನಿನ ಸಾವಿನಲ್ಲಿ ಸಿಗಬೇಕೆಂದು ಸಿದ್ಧಾಂತಗಳು ಹೇಳಿದ್ದವು. 1980ರಲ್ಲಿ ಗಣಿಯಾಳದಲ್ಲಿ 140 ಟನ್ ಕಬ್ಬಿಣದ ಹಾಳೆಗಳ ನಡುವೆ ಶೋಧಕಗಳನ್ನು ಜೋಡಿಸಿ, ಒಂದಾದರೂ ಪ್ರೋಟಾನ್ ಒಡೆಯುತ್ತದೆಯೇ ಎಂದು ಕಾಯಲಾಯಿತು. ಪ್ರೋಟಾನ್ ಕ್ಷಯದಂತೆ ತೋರಿದ ಕೆಲವು ಘಟನೆಗಳೂ ಕಂಡವು. ಆದರೆ ಅಮೆರಿಕ, ಜಪಾನಿನ ದೊಡ್ಡ ಶೋಧಕಗಳಲ್ಲಿ ಅದು ದೃಢಪಡಲಿಲ್ಲ. ಇಂದಿಗೂ ಪ್ರೋಟಾನ್ ಸತ್ತದ್ದನ್ನು ಖಚಿತವಾಗಿ ಕಂಡವರಿಲ್ಲ. ಗಣಿಯ ದಾರಿಯೂ ಬರಿಗೈಯಲ್ಲಿ ಕಳಿಸಬಲ್ಲದು ಎಂಬುದನ್ನು ಮರೆಯಬಾರದು. ವ್ಯತ್ಯಾಸವೆಂದರೆ, ಆ ಬರಿಗೈಗೆ ತೆತ್ತ ಬೆಲೆ ಒಂದು ದೇಶ ತಡೆದುಕೊಳ್ಳುವಷ್ಟು ಇತ್ತು. ಸುರಂಗವನ್ನು ಚಿನ್ನಕ್ಕಾಗಿ ಮೊದಲೇ ತೋಡಿಟ್ಟಿದ್ದರು.

2001ರಲ್ಲಿ ಗಣಿ ಮುಚ್ಚಿತು, ಆಳದ ಸುರಂಗಗಳಿಗೆ ನೀರು ನುಗ್ಗಿತು. ಟೆಕ್ಸಾಸ್‌ನ ಸುರಂಗದಲ್ಲೂ ನೀರು. ಅಲ್ಲಿ ಒಂದೂ ಕಣ ಓಡಲಿಲ್ಲ. ಇಲ್ಲಿ ನೂರಾರು ಕೋಟಿ ಡಾಲರ್‌ಗಳ ಹಂಗಿಲ್ಲದೆ ಒಂದು ಹೊಸ ಬಾಗಿಲು ತೆರೆಯಿತು. ಜಿನೀವಾದ ಸುರಂಗ ಬೇಡವೆನ್ನಲು ಇಷ್ಟೇ ಕಾರಣ ಸಾಲದು. ಹಿಗ್ಸ್ ಕಣವನ್ನು ಯಾವ ಗಣಿಯಲ್ಲೂ ಸಾಕಿ ಪರೀಕ್ಷಿಸಲಾಗದು. ಆದರೆ 91 ಕಿಲೊಮೀಟರ್ ಅಗೆಯಲು ಒಪ್ಪಿಗೆ ಕೊಡುವವರು ಒಂದು ಲೆಕ್ಕವನ್ನು ಮುಂದಿಟ್ಟುಕೊಳ್ಳಬೇಕು. ವೇಗವರ್ಧಕಗಳ ನಕ್ಷೆ ಏರಿದ ಕಾಲದಲ್ಲೆಲ್ಲ ಅದನ್ನು ಏರಿಸಿದ್ದು ಯಾರೋ ಒಬ್ಬ ವಿದ್ಯಾರ್ಥಿಯ, ಯಾವುದೋ ಊರಿನ ಲಿಫ್ಟ್ ಎಂಜಿನಿಯರನ ತಲೆಯಲ್ಲಿ ಹೊಳೆದ ಉಪಾಯ. ಅಂಥವರಿಗೆ ಕೊಡಲು ಆ 1,500 ಕೋಟಿ ಫ್ರಾಂಕ್‌ಗಳಲ್ಲಿ, ಅದರ ಆಚೆಯ ಐವತ್ತು ವರ್ಷಗಳಲ್ಲಿ, ಎಷ್ಟು ಉಳಿಯುತ್ತದೆ?